ಹುಟ್ಟದ ಮರಿಗಳ ಮೇಲೊಂದು ಜಗಳ

ನಮ್ಮ ನಾಯಿ ಕಾಡಿಗೆಗೆ ಈಗ ಐದು ವರ್ಷ. ಅವಳು ಒಮ್ಮೆಯೂ ಮರಿ ಹಾಕಿಲ್ಲ, ಇನ್ನು ಹಾಕುವುದೂ ಇಲ್ಲ. ಆದರೂ ಅವಳ ಮೊದಲ ಸೂಲಿನ ಎರಡು ಮರಿಗಳು ಯಾರಿಗೆ ಸೇರಬೇಕು ಎಂದು ನಾನೂ, ತಳಿನಾಯಿಗಳಿಂದ ಮರಿ ಮಾಡಿಸಿ ಅವಳನ್ನು ನನಗೆ ಮಾರಿದ ಬ್ರೀಡರೂ ಹದಿನಾಲ್ಕು ತಿಂಗಳು ಜಗಳವಾಡಿದೆವು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರಿಗೆ ಹೊಲಿಸಿದ ಸಂತೋಷವಾದರೂ ಸಿಕ್ಕಿರುತ್ತದೆ. ನಮ್ಮಿಬ್ಬರಿಗೆ ಸಿಕ್ಕಿದ್ದು ಒಂದು ದಪ್ಪ ಕಡತ.

ಕಪ್ಪು ಲ್ಯಾಬ್ರಡಾರ್ ಹೆಣ್ಣುಮರಿ ಬೇಕೆಂದು ನಾವು ಎರಡು ವರ್ಷ ಕಾದಿದ್ದೆವು. ಬ್ರೀಡರ್ ಹೆಸರುವಾಸಿಯಾದವರು, ವಯಸ್ಸಿನಲ್ಲಿ ನನ್ನ ತಾಯಿಗೆ ಸಮ. ತಾಯಿನಾಯಿಯ ಸೊಂಟ, ಮೊಣಕೈ, ಕಣ್ಣುಗಳ ಪರೀಕ್ಷಾ ವರದಿಗಳನ್ನು ನಾನು ಕೇಳುವ ಮೊದಲೇ ಮೇಜಿನ ಮೇಲೆ ಹರಡಿದರು. ಆಮೇಲೆ ಪ್ರಶ್ನೆ ಕೇಳುವ ಸರದಿ ಅವರದಾಯಿತು. ಹಗಲು ಮನೆಯಲ್ಲಿ ಯಾರಿರುತ್ತಾರೆ, ಮೆಟ್ಟಿಲುಗಳು ಎಷ್ಟಿವೆ, ನೀವು ಎಲ್ಲಿಗಾದರೂ ಹೊರಟರೆ ನಾಯಿಯನ್ನು ಯಾರು ನೋಡಿಕೊಳ್ಳುತ್ತಾರೆ. ಒಂದು ಗಂಟೆ ಇದೇ ನಡೆಯಿತು. ಹೊರಗೆ ಬಂದ ಮೇಲೆ ಹೆಂಡತಿ, "ಮಗಳನ್ನು ಕೊಡುವವರೂ ಇಷ್ಟು ವಿಚಾರಿಸುವುದಿಲ್ಲ" ಎಂದು ನಕ್ಕಳು. ನನಗೆ ಅದೇ ಹಿಡಿಸಿತ್ತು.

ಅವರು ಎರಡು ದಾರಿಗಳನ್ನು ಮುಂದಿಟ್ಟರು. ಮೊದಲನೆಯದು, ಪೂರ್ತಿ ಬೆಲೆ ಕೊಟ್ಟು ಮನೆಯ ನಾಯಿಯಾಗಿ ಕೊಳ್ಳುವುದು. ಆಗ ತಳಿಯ ದಾಖಲೆ ಇಡುವ ಕೆನಲ್ ಕ್ಲಬ್ಬಿನಲ್ಲಿ ಮರಿಯ ನೋಂದಣಿ ನಿರ್ಬಂಧಿತವಾಗಿರುತ್ತದೆ, ಅಂದರೆ ಮುಂದೆ ಅದು ಮರಿ ಹಾಕಿದರೂ ಆ ಮರಿಗಳಿಗೆ ವಂಶಾವಳಿ ಪತ್ರ ಸಿಗುವುದಿಲ್ಲ. ಎರಡನೆಯದು, ಅರ್ಧಕ್ಕಿಂತ ತುಸು ಹೆಚ್ಚು ಬೆಲೆ ಕೊಟ್ಟು ಜಂಟಿ ಮಾಲೀಕತ್ವಕ್ಕೆ ಒಪ್ಪುವುದು. ನಾಯಿ ನಮ್ಮ ಮನೆಯಲ್ಲೇ ಬೆಳೆಯುತ್ತದೆ. ಎರಡು ವರ್ಷ ತುಂಬಿ, ಆರೋಗ್ಯ ಪರೀಕ್ಷೆಗಳು ಮುಗಿದ ಮೇಲೆ ಒಂದು ಸೂಲು ಮರಿ ಹಾಕಿಸಬೇಕು. ಗಂಡುನಾಯಿಯನ್ನು ಅವರು ಆರಿಸುತ್ತಾರೆ, ಬಾಣಂತನದ ಖರ್ಚು ನಮ್ಮದು. ಹುಟ್ಟಿದ ಮರಿಗಳಲ್ಲಿ ಮೊದಲನೆಯ ಮತ್ತು ಮೂರನೆಯ ಆಯ್ಕೆ ಅವರಿಗೆ, ಉಳಿದವು ನಮಗೆ. ಅಷ್ಟಾದ ಮೇಲೆ ಅವರು ತಮ್ಮ ಪಾಲಿನ ಹಕ್ಕು ಬಿಟ್ಟುಕೊಟ್ಟು, ನಿರ್ಬಂಧವನ್ನೂ ತೆಗೆದುಹಾಕುತ್ತಾರೆ.

ಒಂದು ಸಲ ಮನೆ ತುಂಬ ಮರಿಗಳು ಓಡಾಡಿದರೆ ಮಕ್ಕಳಿಗೆ ಖುಷಿ ಎಂದು ನಾನು ಹೆಂಡತಿಗೆ ಹೇಳಿದೆ. ನಿಜವಾದ ಕಾರಣ ಬೆಲೆ. ಕರಾರು ಪತ್ರ ನಾಲ್ಕು ಪುಟದ್ದು. ಮರಿ ನನ್ನ ಬೂಟಿನ ದಾರ ಎಳೆಯುತ್ತಿತ್ತು, ಮಕ್ಕಳು ಕಾರಿನಲ್ಲಿ ಕಾಯುತ್ತಿದ್ದರು. ಹತ್ತು ನಿಮಿಷದಲ್ಲಿ ನಾಲ್ಕೂ ಪುಟಗಳಿಗೆ ಸಹಿ ಹಾಕಿದೆ. ಬ್ಯಾಂಕಿನ ಸಾಲದ ಕಾಗದವನ್ನು ನಾನು ಅದಕ್ಕಿಂತ ನಿಧಾನವಾಗಿ ಓದಿದ್ದೇನೆ.

ಬ್ರೀಡರ್‌ಗಳು ಹೀಗೆ ಹಕ್ಕು ಉಳಿಸಿಕೊಳ್ಳುವುದರಲ್ಲಿ ಮೋಸವೇನೂ ಇಲ್ಲ. ಎಂಟು ವಾರದ ಮರಿಯನ್ನು ನೋಡಿ ಅದು ಎಂಥ ನಾಯಿಯಾಗುತ್ತದೆ ಎಂದು ಯಾರೂ ಹೇಳಲಾರರು. ಸೊಂಟದ ಕೀಲು ಹೇಗೆ ಕೂರುತ್ತದೆ, ಸ್ವಭಾವ ಹೇಗೆ ತಿರುಗುತ್ತದೆ ಎಂಬುದು ಗೊತ್ತಾಗುವ ಹೊತ್ತಿಗೆ ವರ್ಷ ಒಂದೂವರೆ ಕಳೆದಿರುತ್ತದೆ. ಎಲ್ಲ ಹೆಣ್ಣುಮರಿಗಳನ್ನೂ ಮನೆಯಲ್ಲೇ ಇಟ್ಟುಕೊಂಡು ಕಾಯುವುದು ಅವರಿಗೂ ಆಗದ ಮಾತು. ಹಾಗಾಗಿ ಮರಿಯನ್ನು ಒಳ್ಳೆಯ ಮನೆಗೆ ಕೊಟ್ಟು, ತಳಿಯ ಹಗ್ಗದ ಒಂದು ತುದಿಯನ್ನು ತಮ್ಮ ಕೈಯಲ್ಲೇ ಹಿಡಿದಿರುತ್ತಾರೆ. ಇನ್ನೊಂದು ಭಯವೂ ಇರುತ್ತದೆ: ಕೊಂಡವನು ಪ್ರತಿ ಬೆದೆಗೂ ಮರಿ ಹಾಕಿಸಿ ಮಾರುವವನಾಗಿದ್ದರೆ? ಇವೆಲ್ಲ ನನಗೆ ಅರ್ಥವಾಗಿದ್ದು ಜಗಳ ಮುಗಿಯುವ ಹೊತ್ತಿಗೆ. ಜಗಳದ ನಡುವೆ ಅವರು ನನಗೆ ಬಡ್ಡಿ ವ್ಯಾಪಾರಿಯಂತೆ ಕಾಣುತ್ತಿದ್ದರು.

ಮೊದಲ ಒಂದೂವರೆ ವರ್ಷ ಎಲ್ಲವೂ ಚೆನ್ನಾಗಿತ್ತು. ತಿಂಗಳಿಗೊಮ್ಮೆ ಫೋಟೊ ಕಳಿಸುತ್ತಿದ್ದೆ. ಮೊದಲ ಬೆದೆ ಬಂದಾಗ ಗಾಬರಿಯಾಗಿ ಫೋನ್ ಮಾಡಿದ್ದೂ ಅವರಿಗೇ. "ಮರಿ ಹಾಕಿಸುವ ದಿನ ಯಾವಾಗ ಬರುತ್ತದೋ ಎಂದು ಮಕ್ಕಳು ಕಾಯುತ್ತಿದ್ದಾರೆ ಮೇಡಂ" ಎಂದು ಒಂದು ಸಂದೇಶವನ್ನೂ ಕಳಿಸಿದ್ದೆ. ಆ ಸಂದೇಶ ಮುಂದೆ ಮುದ್ರಿತವಾಗಿ ವಕೀಲರ ಮೇಜಿನ ಮೇಲೆ ಬಂದು ಕುಳಿತಿತು.

ಎರಡನೆಯ ಬೆದೆ ಮುಗಿದು ಮೂರು ತಿಂಗಳಾದ ಮೇಲೆ ಸೊಂಟದ ಎಕ್ಸ್-ರೇ ಮಾಡಿಸಿದೆವು. ಬೆದೆಯ ಸುತ್ತಮುತ್ತ ಕೀಲುಗಳು ಸಡಿಲವಾಗಿ ಕಾಣಬಹುದು ಎಂದು ವೈದ್ಯರೇ ಅಷ್ಟು ಕಾಯಿಸಿದ್ದರು. ಮತ್ತು ಬರಿಸಿ, ಅಂಗಾತ ಮಲಗಿಸಿ, ಹಿಂಗಾಲುಗಳನ್ನು ನೇರವಾಗಿ ಎಳೆದು ಹಿಡಿದು ತೆಗೆಯುವ ಚಿತ್ರ ಅದು. ಮೊದಲು ಕತ್ತಿನ ಮೈಕ್ರೋಚಿಪ್ ಓದಿ ಸಂಖ್ಯೆಯನ್ನು ತಾಳೆ ನೋಡುತ್ತಾರೆ, ಬೇರೆ ನಾಯಿಯ ಸೊಂಟ ಈ ನಾಯಿಯ ಹೆಸರಿನಲ್ಲಿ ಹೋಗಬಾರದಲ್ಲ. ಚಿತ್ರ ತಜ್ಞರಿಗೆ ಹೋಯಿತು. ಮೂರು ವಾರಕ್ಕೆ ಉತ್ತರ ಬಂದಿತು: ಎಡಗಡೆ ಬಿ, ಬಲಗಡೆ ಸಿ. ಒಟ್ಟು ಶ್ರೇಣಿ ಸಿ.

ಸೊಂಟದ ಕೀಲನ್ನು ಅಳೆಯಲು ಒಂದೊಂದು ಕಡೆ ಒಂದೊಂದು ಪದ್ಧತಿಯಿದೆ. ಅಂತಾರಾಷ್ಟ್ರೀಯ ಶ್ವಾನ ಒಕ್ಕೂಟವಾದ ಎಫ್‌ಸಿಐ ಎ-ಯಿಂದ ಇ-ವರೆಗೆ ಐದು ಶ್ರೇಣಿಗಳನ್ನು ಮಾಡಿದೆ. ಎ ಎಂದರೆ ಕೀಲು ಸರಿಯಾಗಿ ಕೂರದ ದೋಷದ ಗುರುತೇ ಇಲ್ಲ, ಬಿ ಎಂದರೆ ಬಹುತೇಕ ಸರಿ, ಸಿ ಎಂದರೆ ಸೌಮ್ಯ ದೋಷ, ಡಿ ಮಧ್ಯಮ, ಇ ತೀವ್ರ. ಎರಡು ಕಡೆಯಲ್ಲಿ ಯಾವುದು ಕೆಟ್ಟದೋ ಅದೇ ನಾಯಿಯ ಶ್ರೇಣಿ. ಬ್ರಿಟನ್ನಿನಲ್ಲಿ ಒಂದೊಂದು ಕೀಲಿಗೂ 0-ಯಿಂದ 53-ರವರೆಗೆ ಅಂಕ ಕೊಟ್ಟು ಕೂಡಿಸುತ್ತಾರೆ, ಅಂಕ ಕಡಿಮೆಯಾದಷ್ಟೂ ಒಳ್ಳೆಯದು. ಅಮೆರಿಕದಲ್ಲಿ ಒಎಫ್‌ಎ ಎಂಬ ಸಂಸ್ಥೆ 24 ತಿಂಗಳು ತುಂಬದ ನಾಯಿಗೆ ಅಂತಿಮ ಪ್ರಮಾಣಪತ್ರವನ್ನೇ ಕೊಡುವುದಿಲ್ಲ. ನಮ್ಮ ವರದಿ ಬಂದದ್ದು ಎಫ್‌ಸಿಐ ಪದ್ಧತಿಯಲ್ಲಿ. ಸಿ ಎಂಬುದು ಅದರಲ್ಲಿ ಸರಿಯಾಗಿ ಹೊಸ್ತಿಲಿನ ಮೇಲೆ ನಿಂತ ಅಕ್ಷರ. ಕೆಲವು ತಳಿ ಸಂಘಗಳು ಸಿ ನಾಯಿಯಿಂದ ಮರಿ ಪಡೆಯುವುದೇ ಬೇಡ ಎನ್ನುತ್ತವೆ, ಕೆಲವು ಎ ಶ್ರೇಣಿಯ ಜೋಡಿಯೊಂದಿಗೆ ಮಾತ್ರ ಆಗಬಹುದು ಎನ್ನುತ್ತವೆ.

ಬ್ರೀಡರ್‌ಗೆ ವರದಿ ಕಳಿಸಿದೆ. ಅವರು ಐದು ನಿಮಿಷದಲ್ಲಿ ಫೋನ್ ಮಾಡಿದರು. "ಪರವಾಗಿಲ್ಲ, ಒಂದು ಕಡೆ ಬಿ ಇದೆ. ನನ್ನ ಬಳಿ ಎರಡೂ ಕಡೆ ಎ ಬಂದಿರುವ ಗಂಡು ಇದೆ. ಮೂರನೆಯ ಬೆದೆಗೆ ಕೂಡಿಸೋಣ" ಎಂದರು. ನಾನು ಅದಾಗಲೇ ವೈದ್ಯರ ಮಾತು ಕೇಳಿ ಬಂದಿದ್ದೆ. ಇವಳಿಂದ ಮರಿ ಮಾಡಿಸದಿದ್ದರೆ ಒಳ್ಳೆಯದು, ಗಬ್ಬದ ಭಾರ ಆ ಬಲಗಾಲಿಗೂ ಒಳ್ಳೆಯದಲ್ಲ ಎಂದು ಅವರು ಹೇಳಿದ್ದರು. ಹಾಗೆಂದು ಬರೆದುಕೊಡಿ ಎಂದರೆ ಮಾತ್ರ "ತೀರ್ಮಾನ ಮಾಲೀಕರದು" ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟರು. ನಾನು ಬ್ರೀಡರ್‌ಗೆ, "ಬೇಡ ಮೇಡಂ, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಬಿಡುತ್ತೇನೆ" ಎಂದೆ.

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಬಳಿಕ ಅವರು ಮೆಲ್ಲಗೆ, "ಏಳನೆಯ ಷರತ್ತನ್ನು ಒಮ್ಮೆ ಓದಿಕೊಳ್ಳಿ" ಎಂದರು.

ಓದಿಕೊಂಡೆ. "ಆರೋಗ್ಯ ಪರೀಕ್ಷೆಗಳು ತೃಪ್ತಿಕರವಾಗಿದ್ದಲ್ಲಿ ಮೂರನೆಯ ಬೆದೆಯಲ್ಲಿ ಮೊದಲ ಸೂಲು ಪಡೆಯತಕ್ಕದ್ದು." ತೃಪ್ತಿಕರ. ಯಾರಿಗೆ ತೃಪ್ತಿ? ಯಾವ ಅಳತೆಯಲ್ಲಿ? ಅದನ್ನು ಹೇಳುವ ಒಂದಕ್ಷರವೂ ನಾಲ್ಕು ಪುಟಗಳಲ್ಲಿ ಇರಲಿಲ್ಲ. ಪರೀಕ್ಷೆ ತೃಪ್ತಿಕರವಾಗದಿದ್ದರೆ ಏನು ಮಾಡಬೇಕು ಎಂಬುದೂ ಇರಲಿಲ್ಲ. ಒಂಬತ್ತನೆಯ ಷರತ್ತು ಮಾತ್ರ ಖಡಾಖಂಡಿತವಾಗಿತ್ತು: ಕೊಂಡವರು ಮರಿ ಹಾಕಿಸಲು ಒಪ್ಪದಿದ್ದರೆ ಎರಡು ಮರಿಗಳ ಬೆಲೆ ಕೊಡಬೇಕು, ಇಲ್ಲವೇ ನಾಯಿಯನ್ನು ಹಿಂದಿರುಗಿಸಬೇಕು. ಹಿಂದಿರುಗಿಸಬೇಕು ಎಂಬ ಪದವನ್ನು ಓದುವಾಗ ಕಾಡಿಗೆ ನನ್ನ ಪಾದದ ಮೇಲೆ ತಲೆಯಿಟ್ಟು ಮಲಗಿದ್ದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುವಾರ ಹಟಕ್ಕೆ ಬಿದ್ದವನಂತೆ ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಲು ಆಸ್ಪತ್ರೆಗೆ ಹೋದೆ. ಕಾಗದ ನೋಡಿದ ಸಿಬ್ಬಂದಿ, "ಮಾಲೀಕರು ಇಬ್ಬರಿದ್ದಾರೆ, ಇನ್ನೊಬ್ಬರ ಒಪ್ಪಿಗೆ ಬೇಕು" ಎಂದರು. ಕೋಪ ಬಂದಿತಾದರೂ ಅವರು ಹೇಳಿದ್ದು ಸರಿ. ಸುಮ್ಮನೆ ಮಾಡಿಸಿಬಿಟ್ಟಿದ್ದರೆ ಕರಾರು ಮುರಿದವನು ನಾನೇ ಆಗುತ್ತಿದ್ದೆ, ಅದೂ ಮತ್ತೆ ಸರಿಪಡಿಸಲಾಗದ ಹಾಗೆ. ನನ್ನ ವಾದದ ಬುಡವನ್ನು ನಾನೇ ಕಡಿಯುವುದರಿಂದ ಆ ಸಿಬ್ಬಂದಿ ತಪ್ಪಿಸಿದರು. ಅವರ ಹೆಸರನ್ನೂ ಕೇಳಲಿಲ್ಲವಲ್ಲ ಎಂದು ಈಗ ಅನಿಸುತ್ತದೆ.

ಅಲ್ಲಿಂದ ಬಂದ ಮೇಲೆಯೇ ನಾನು ಕಾಗದಗಳನ್ನು ಬೇರೆ ಬೇರೆ ಮಾಡಿ ಓದಲು ಕುಳಿತದ್ದು. ಒಂದೇ ಬೀಗ ಎಂದುಕೊಂಡಿದ್ದ ಬಾಗಿಲಿಗೆ ಮೂರು ಬೀಗಗಳಿದ್ದವು. ಕರಾರು ಪತ್ರ ನಮ್ಮಿಬ್ಬರ ನಡುವಿನದು, ಅದರ ತಕರಾರು ತೀರಬೇಕಾದದ್ದು ಮಾತುಕತೆಯಲ್ಲಿ, ಇಲ್ಲವೇ ನ್ಯಾಯಾಲಯದಲ್ಲಿ. ನೋಂದಣಿ ಪುಸ್ತಕದ ಮಾಲೀಕರ ಕಾಲಂ ಬೇರೆಯದೇ. ಅಲ್ಲಿ ಇಬ್ಬರ ಹೆಸರಿರುವ ತನಕ ವರ್ಗಾವಣೆಗೂ ಇಬ್ಬರ ಸಹಿ ಬೇಕು, ಮರಿಗಳ ನೋಂದಣಿಗೂ ಇಬ್ಬರ ಸಹಿ ಬೇಕು. ಇನ್ನು ಪ್ರಮಾಣಪತ್ರದ ಮೇಲಿನ ನಿರ್ಬಂಧದ ಮುದ್ರೆ, ಅದನ್ನು ಹಾಕಿದವರೇ ತೆಗೆಯಬೇಕು. ನಾಳೆ ನ್ಯಾಯಾಲಯ ನಾಯಿ ಪೂರ್ತಿ ನನ್ನದೆಂದು ಹೇಳಿದರೂ ಆ ಮುದ್ರೆ ತಾನಾಗಿ ಅಳಿಸಿಹೋಗುವುದಿಲ್ಲ. ಇತ್ತ ಅವರ ಕೈಯಲ್ಲಿ ಎಷ್ಟು ಕಾಗದವಿದ್ದರೂ ನಾಯಿ ಇರುವುದು ನನ್ನ ಮನೆಯಲ್ಲಿ. ಒಬ್ಬರ ಜುಟ್ಟು ಇನ್ನೊಬ್ಬರ ಕೈಯಲ್ಲಿ.

ನಮ್ಮ ನಾಯಿ ನೋಂದಣಿಯಾಗಿದ್ದ ಕೆನಲ್ ಕ್ಲಬ್ಬಿಗೆ ಎರಡು ಪುಟದ ದೂರು ಬರೆದೆ. ಎರಡು ಸಾಲಿನ ಉತ್ತರ ಬಂದಿತು. ಖಾಸಗಿ ಒಪ್ಪಂದಗಳ ವಿವಾದದಲ್ಲಿ ನಾವು ತಲೆಹಾಕುವುದಿಲ್ಲ, ಇಬ್ಬರೂ ಸಹಿ ಹಾಕಿದ ಅರ್ಜಿ ಬಂದರೆ ದಾಖಲೆ ಬದಲಾಯಿಸುತ್ತೇವೆ ಎಂದು. ಆಗ ಸಿಟ್ಟಾಗಿದ್ದೆ. ಬಹುತೇಕ ನೋಂದಣಿ ಸಂಸ್ಥೆಗಳ ನಿಲುವು ಇದೇ ಎಂದು ಆಮೇಲೆ ತಿಳಿಯಿತು. ಅವು ವಂಶಾವಳಿಯನ್ನು ಬರೆದಿಡುವ ಸಂಸ್ಥೆಗಳು, ವ್ಯಾಜ್ಯ ತೀರಿಸುವುದು ಅವುಗಳ ಕೆಲಸವಲ್ಲ.

ಬೇರೆ ಕಡೆ ಇದನ್ನೆಲ್ಲ ಹೇಗೆ ನಿಭಾಯಿಸುತ್ತಾರೆ ಎಂದು ಹುಡುಕುವುದು ಆ ತಿಂಗಳುಗಳಲ್ಲಿ ನನ್ನ ರಾತ್ರಿಯ ಚಟವಾಯಿತು. ಅಮೆರಿಕದ ಕೆನಲ್ ಕ್ಲಬ್ಬಿನಲ್ಲಿ ಸೀಮಿತ ನೋಂದಣಿ ಎಂಬುದೊಂದಿದೆ. ಹಾಗೆ ನೋಂದಣಿಯಾದ ನಾಯಿಯ ಮರಿಗಳನ್ನು ಅವರು ದಾಖಲಿಸುವುದಿಲ್ಲ, ಅದು ತಳಿ ಪ್ರದರ್ಶನದಲ್ಲಿ ಸ್ಪರ್ಧಿಸುವಂತಿಲ್ಲ, ಆಜ್ಞಾಪಾಲನೆಯಂಥ ಸ್ಪರ್ಧೆಗಳಿಗೆ ಮಾತ್ರ ಅಡ್ಡಿಯಿಲ್ಲ. ಬ್ರಿಟನ್ನಿನ ಕೆನಲ್ ಕ್ಲಬ್ಬಿನಲ್ಲಿ ಬ್ರೀಡರ್ ಎರಡು ಬಗೆಯ ನಿರ್ಬಂಧ ಹಾಕಬಹುದು. ಒಂದು, ಸಂತತಿ ನೋಂದಣಿಗೆ ಅರ್ಹವಲ್ಲ ಎಂಬುದು. ಇನ್ನೊಂದು, ಬೇರೆ ದೇಶಕ್ಕೆ ಕಳಿಸುವಾಗ ಬೇಕಾಗುವ ವಂಶಾವಳಿ ಪತ್ರ ಸಿಗುವುದಿಲ್ಲ ಎಂಬುದು. ಆದರೆ ಅಲ್ಲೊಂದು ಕೊಕ್ಕೆ ಇದೆ. ನಿರ್ಬಂಧದ ವಿಷಯ ತನಗೆ ಗೊತ್ತಿದೆ ಎಂದು ಕೊಳ್ಳುವವನಿಂದ ಮರಿಯನ್ನು ಒಪ್ಪಿಸುವ ಮೊದಲು ಅಥವಾ ಒಪ್ಪಿಸುವಾಗ ಲಿಖಿತ ಸಹಿ ಪಡೆದಿರಬೇಕು. ಅದಿಲ್ಲದಿದ್ದರೆ ಕ್ಲಬ್ಬೇ ನಿರ್ಬಂಧವನ್ನು ತೆಗೆಯಬಹುದು. ಇದನ್ನು ಓದಿ ಕುಣಿದಾಡಿದೆ. ಆಮೇಲೆ ನನ್ನ ಕರಾರಿನ ಮೂರನೆಯ ಪುಟ ತಿರುಗಿಸಿದರೆ ನನ್ನ ಸಹಿ ಅಲ್ಲೇ ಇತ್ತು, ಅಚ್ಚುಕಟ್ಟಾಗಿ, ದಿನಾಂಕದ ಸಮೇತ.

ನಿಜವಾಗಿ ಕಣ್ಣು ತೆರೆಸಿದ್ದು ಎಫ್‌ಸಿಐನ ಅಂತಾರಾಷ್ಟ್ರೀಯ ತಳಿ ನಿಯಮಗಳು. ಈ ಒಕ್ಕೂಟ ಹುಟ್ಟಿದ್ದು 1911ರಲ್ಲಿ. ಕೂಡಿಸಿದ್ದಕ್ಕೆ ಗಂಡುನಾಯಿಯ ಮಾಲೀಕರಿಗೆ ಕೊಡುವ ಶುಲ್ಕದ ಬದಲಿಗೆ ಮರಿಯನ್ನು ಕೊಡುವ ಒಪ್ಪಂದ ಇಲ್ಲಿ ಹಳೆಯ ರೂಢಿ. ಅಂಥ ಒಪ್ಪಂದವನ್ನು ಕೂಡಿಸುವ ಮೊದಲೇ ಬರೆದಿಡಬೇಕು, ಅದರಲ್ಲಿ ಇಂತಿಂಥ ವಿಷಯಗಳು ಇರಲೇಬೇಕು ಎಂದು ಆ ನಿಯಮಗಳು ಎಣಿಸಿ ಹೇಳುತ್ತವೆ. ಮರಿಯನ್ನು ಯಾವ ದಿನ ಆರಿಸಬೇಕು, ಯಾವ ದಿನ ಒಯ್ಯಬೇಕು, ಯಾವ ದಿನ ದಾಟಿದರೆ ಆರಿಸುವ ಹಕ್ಕು ಶಾಶ್ವತವಾಗಿ ಹೋಗುತ್ತದೆ, ಓಡಾಟದ ಖರ್ಚು ಯಾರದು. ಅಷ್ಟಕ್ಕೇ ನಿಲ್ಲುವುದಿಲ್ಲ. ಹುಟ್ಟಿದ ಮರಿಗಳೆಲ್ಲ ಸತ್ತಿದ್ದರೆ? ಒಂದೇ ಮರಿ ಬದುಕಿದ್ದರೆ? ಆರಿಸಿಟ್ಟ ಮರಿ ಒಯ್ಯುವ ಮೊದಲೇ ಸತ್ತರೆ? ಇದನ್ನು ಬರೆದವರು ಇಂಥ ಎಷ್ಟು ಜಗಳಗಳನ್ನು ಕಂಡಿರಬೇಕು ಎಂದು ಆಶ್ಚರ್ಯವಾಯಿತು. ಒಂದೊಂದು ಸಾಲಿನ ಹಿಂದೆಯೂ ಯಾರೋ ಇಬ್ಬರು ಮಾತು ಬಿಟ್ಟಿದ್ದಾರೆ. ನಮ್ಮ ನಾಲ್ಕು ಪುಟಗಳಲ್ಲಿ ಇವುಗಳಲ್ಲಿ ಒಂದೂ ಇರಲಿಲ್ಲ.

ವಕೀಲರ ಭೇಟಿ ಮುಕ್ಕಾಲು ಗಂಟೆಯದು. ಅವರು ನಾಯಿ ಸಾಕಿದವರಲ್ಲ, ಅದೇ ಒಳ್ಳೆಯದಾಯಿತು. ಕಾನೂನಿನ ಕಣ್ಣಿಗೆ ನಾಯಿ ಒಂದು ಚರ ಸ್ವತ್ತು ಎಂದು ಶುರುಮಾಡಿದರು. ನಾಯಿಯನ್ನು ಕೂಡಿಸಿ ಮರಿ ಹಾಕಿಸಿ ಎಂದು ಯಾವ ನ್ಯಾಯಾಧೀಶರೂ ಆದೇಶ ಬರೆಯಲು ಮನಸ್ಸು ಮಾಡುವುದಿಲ್ಲ, ನಷ್ಟ ಎಷ್ಟು ಎಂದು ಕೇಳುತ್ತಾರೆ. ಹುಟ್ಟದ ಮರಿಗಳ ನಷ್ಟವನ್ನು ಲೆಕ್ಕ ಹಾಕುವುದು ಸುಲಭವಲ್ಲ, ಗಬ್ಬ ಕಟ್ಟದೆಯೂ ಹೋಗಬಹುದಿತ್ತಲ್ಲ. ಅಸ್ಪಷ್ಟವಾದ ಪದವನ್ನು ಅದನ್ನು ಬರೆದವರ ವಿರುದ್ಧವಾಗಿ ಓದುವ ಪರಿಪಾಠವಿದೆ, ತೃಪ್ತಿಕರ ಎಂಬುದು ನಿಮಗೆ ಅನುಕೂಲವಾಗಬಹುದು ಎಂದರು. ನಾನು ಹಿಗ್ಗುವಷ್ಟರಲ್ಲಿ ಆ ಸಂದೇಶದ ಪ್ರತಿ ನನ್ನ ಮುಂದೆ ತಳ್ಳಿದರು. "ಬೆಲೆಯಲ್ಲಿ ಅರ್ಧದಷ್ಟು ರಿಯಾಯಿತಿ ತೆಗೆದುಕೊಂಡಿದ್ದೀರಿ. ಮರಿ ಹಾಕಿಸುವ ದಿನಕ್ಕೆ ಕಾಯುತ್ತಿದ್ದೇವೆ ಎಂದೂ ಬರೆದಿದ್ದೀರಿ. ರಿಯಾಯಿತಿ ಯಾತಕ್ಕೆ ಸಿಕ್ಕಿತು ಎಂದು ಅವರು ಕೇಳಿದರೆ ಏನು ಹೇಳುತ್ತೀರಿ?" ನನ್ನ ಬಳಿ ಉತ್ತರವಿರಲಿಲ್ಲ. ಗೆದ್ದರೂ ಒಂದೆರಡು ವರ್ಷ ಹಿಡಿಯುತ್ತದೆ, ಮಾತನಾಡಿ ಮುಗಿಸಿಕೊಳ್ಳಿ ಎಂದು ಕಳಿಸಿಕೊಟ್ಟರು.

ಈ ನಡುವೆ ಬ್ರೀಡರ್‌ರಿಂದ ಒಂದು ಪತ್ರ ಬಂದಿತು. ಅದರ ಒಂದು ಸಾಲು ಚುಚ್ಚಿತು: "ಮೊದಲ ವರ್ಷ ನೀವು ಅವಳನ್ನು ದಪ್ಪ ಮಾಡಿದಿರಿ, ಫೋಟೊಗಳಲ್ಲಿ ನೋಡಿ ಆಗಲೇ ಎಚ್ಚರಿಸಿದ್ದೆ." ಎಚ್ಚರಿಸಿದ್ದು ನಿಜ, ನಾನು ನಕ್ಕು ಸುಮ್ಮನಾಗಿದ್ದೆ. ಸೊಂಟದ ಈ ದೋಷಕ್ಕೆ ಒಂದೇ ಒಂದು ವಂಶವಾಹಿಯ ಮೇಲೆ ಬೆರಳಿಡಲು ಬರುವುದಿಲ್ಲ. ಹಲವು ಸೇರಿ ಆಗುವ ಕೆಲಸವದು, ಮೇಲೆ ಬೆಳೆಯುವ ವಯಸ್ಸಿನ ತೂಕವೂ ಕೈಹಾಕುತ್ತದೆ. 48 ಲ್ಯಾಬ್ರಡಾರ್‌ಗಳನ್ನು ಜೋಡಿಗಳಾಗಿ ವಿಂಗಡಿಸಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಕಾಲುಭಾಗ ಕಡಿಮೆ ಆಹಾರ ಕೊಟ್ಟು ಬದುಕಿನುದ್ದಕ್ಕೂ ಗಮನಿಸಿದ ಅಧ್ಯಯನವೊಂದಿದೆ. ಕಡಿಮೆ ತಿಂದ ನಾಯಿಗಳ ಸೊಂಟ ಹೆಚ್ಚು ಕಾಲ ಚೆನ್ನಾಗಿತ್ತು, ಅವುಗಳ ಮಧ್ಯಮ ಆಯುಸ್ಸು 13 ವರ್ಷ, ಹೆಚ್ಚು ತಿಂದವುಗಳದು 11.2. ಅದನ್ನು ಓದಿದ ದಿನ ಕಾಡಿಗೆಯ ಊಟದ ಅಳತೆಯ ಲೋಟವನ್ನು ಬದಲಾಯಿಸಿದೆ. ಬ್ರೀಡರ್‌ಗೆ ಮಾತ್ರ ಹೇಳಲಿಲ್ಲ. ಜಗಳದ ನಡುವೆ ಅಷ್ಟು ದೊಡ್ಡ ಮನಸ್ಸು ನನಗೆ ಬರಲಿಲ್ಲ.

ಕೊನೆಗೆ ಮಧ್ಯಸ್ಥಿಕೆಗೆ ಒಪ್ಪಿದ್ದು ತಳಿ ಸಂಘದ ಹಿರಿಯರೊಬ್ಬರು. ಪ್ರದರ್ಶನಗಳಲ್ಲಿ ವರ್ಷಗಟ್ಟಲೆ ತೀರ್ಪುಗಾರರಾಗಿದ್ದವರು. ಕುಳಿತುಕೊಳ್ಳುವ ಮೊದಲು ಅವರು ಒಂದು ಷರತ್ತು ಹಾಕಿದರು: ಹೊಸದಾಗಿ ಎಕ್ಸ್-ರೇ ತೆಗೆಸಿ ಮರುಪರಿಶೀಲನೆಗೆ ಕಳಿಸಬೇಕು, ಅದರ ಫಲಿತಾಂಶವನ್ನು ಇಬ್ಬರೂ ಒಪ್ಪಬೇಕು. ಮತ್ತೆ ಮತ್ತು, ಮತ್ತೆ ಚಿತ್ರ, ಮತ್ತೆ ಕಾಯುವಿಕೆ. ಅಷ್ಟರಲ್ಲಿ ಮೂರನೆಯ ಬೆದೆ ಬಂದು ಹೋಯಿತು. ಕರಾರಿನ ಗಡುವು ದಾಟಿತು ಎಂದು ನಾನು, ದಾಟಿಸಿದವರು ನೀವು ಎಂದು ಅವರು. ಇದೊಂದು ಹೊಸ ತಕರಾರು. ಫಲಿತಾಂಶ ಎಡಗಡೆ ಬಿ, ಬಲಗಡೆ ಸಿ. ಒಂದಕ್ಷರವೂ ಕದಲಲಿಲ್ಲ.

ಆ ದಿನದ ಮಾತುಕತೆಗೆ ನಾನು ಕಡತ ಹಿಡಿದು ಹೋಗಿದ್ದೆ. ಬ್ರೀಡರ್ ತಂದಿದ್ದು ಒಂದು ಹಳೆಯ ನೋಟ್‌ಬುಕ್. ಹಿರಿಯರು ಇಬ್ಬರಿಗೂ ಒಂದೇ ಪ್ರಶ್ನೆ ಕೇಳಿದರು: "ಕರಾರು ಬದಿಗಿಡಿ. ನಿಮಗೆ ಬೇಕಾದದ್ದು ಏನು?" ನಾನು, ನಾಯಿ ನನ್ನ ಮನೆಯಲ್ಲೇ ಇರಬೇಕು, ಮರಿ ಬೇಡ ಎಂದೆ. ಅವರು ನೋಟ್‌ಬುಕ್ ಬಿಚ್ಚಿದರು. ಕೈಬರಹದ ವಂಶವೃಕ್ಷ, ಆರು ತಲೆಮಾರಿನದು, ತಾಯಿಯಿಂದ ಮಗಳಿಗೆ ಇಳಿದು ಬಂದದ್ದು. ಕಾಡಿಗೆಯ ತಾಯಿಗೆ ಗರ್ಭಕೋಶದಲ್ಲಿ ಕೀವು ತುಂಬಿ ಗರ್ಭಕೋಶವನ್ನೇ ತೆಗೆಸಬೇಕಾಗಿ ಬಂದಿತ್ತು. ಜೊತೆಗೆ ಹುಟ್ಟಿದ ಇನ್ನೊಂದು ಹೆಣ್ಣನ್ನು ನಿರ್ಬಂಧಿತ ನೋಂದಣಿಯಲ್ಲಿ ಕೊಟ್ಟಾಗಿತ್ತು, ಅದಕ್ಕೂ ಸಂತಾನಹರಣವಾಗಿತ್ತು. ಆ ಸಾಲಿನ ಕೆಳತುದಿಯಲ್ಲಿ ಉಳಿದ ಹೆಸರು ಒಂದೇ, ಪೆನ್ಸಿಲ್ಲಿನಲ್ಲಿ ಬರೆದದ್ದು. "ಇವಳು ನಿಂತರೆ ಇದು ನಿಂತಿತು" ಎಂದರು. ಎರಡು ಮರಿಗಳ ಬೆಲೆಯ ಬಗ್ಗೆ ಆ ಹೊತ್ತಿನಲ್ಲಿ ಅವರು ಒಂದು ಮಾತನ್ನೂ ಆಡಲಿಲ್ಲ.

ನಾನು ತಡವರಿಸಿದೆ. ಆಗಲಿ, ಒಂದು ಸೂಲು ತಾನೇ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ತಡೆದದ್ದು ಮಧ್ಯಸ್ಥರು. "ಇಷ್ಟು ತಲೆಮಾರು ನೀವು ಸಿ ಬಂದ ಹೆಣ್ಣನ್ನು ಎಷ್ಟು ಸಲ ಉಪಯೋಗಿಸಿದ್ದೀರಿ?" ಎಂದು ಅವರನ್ನೇ ಕೇಳಿದರು. ಅವರು ನೋಟ್‌ಬುಕ್ಕಿನ ಪುಟಗಳನ್ನು ತಿರುವಿದರು. ಉತ್ತರ ಹುಡುಕುತ್ತಿದ್ದರೆಂದು ನನಗೆ ಅನಿಸಲಿಲ್ಲ, ಉತ್ತರ ಅವರಿಗೆ ಗೊತ್ತಿತ್ತು. "ಒಂದು ಸಲವೂ ಇಲ್ಲ" ಎಂದು ಪುಸ್ತಕ ಮುಚ್ಚಿದರು.

ಉಳಿದದ್ದು ಲೆಕ್ಕ. ಪೂರ್ತಿ ಬೆಲೆಗೂ ನಾನು ಕೊಟ್ಟ ಬೆಲೆಗೂ ಇದ್ದ ವ್ಯತ್ಯಾಸವನ್ನು ನಾನು ಕಟ್ಟಬೇಕು. ಅದು ನ್ಯಾಯವಾಗಿಯೇ ಕಂಡಿತು, ರಿಯಾಯಿತಿಗೆ ಪ್ರತಿಯಾಗಿ ನಾನು ಏನನ್ನೂ ಕೊಟ್ಟಿರಲಿಲ್ಲ. ಎರಡು ಎಕ್ಸ್-ರೇಗಳ ಖರ್ಚು ಅರ್ಧರ್ಧ. ಅವರು ಜಂಟಿ ಮಾಲೀಕತ್ವ ಬಿಟ್ಟುಕೊಡುತ್ತಾರೆ, ನಿರ್ಬಂಧದ ಮುದ್ರೆ ಹಾಗೇ ಉಳಿಯುತ್ತದೆ. ಮೂರು ತಿಂಗಳೊಳಗೆ ಶಸ್ತ್ರಚಿಕಿತ್ಸೆ ಮಾಡಿಸಿ ಪ್ರಮಾಣಪತ್ರ ಕಳಿಸಬೇಕು. ನನ್ನಿಂದ ಕಾಡಿಗೆಯನ್ನು ಸಾಕಲು ಆಗದ ಕಾಲ ಬಂದರೆ ಮೊದಲು ಅವರಿಗೆ ತಿಳಿಸಬೇಕು. ಈ ಕೊನೆಯ ಷರತ್ತನ್ನು ಸೇರಿಸಲು ಹೇಳಿದವನು ನಾನೇ. ಹೊಸ ಒಪ್ಪಂದ ಒಂದೂವರೆ ಪುಟ. ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಿಸಿದ ಮೇಲೆಯೇ ಹಿರಿಯರು ಪೆನ್ನು ಕೊಟ್ಟರು.

ದಾಖಲೆ ಬದಲಾಗಲು ಇನ್ನೆರಡು ತಿಂಗಳು ಹಿಡಿಯಿತು. ವರ್ಗಾವಣೆ ಅರ್ಜಿಯಲ್ಲಿ ಅವರ ಸಹಿ ಹಳೆಯ ಸಹಿಯಂತಿಲ್ಲ ಎಂದು ಒಮ್ಮೆ ಹಿಂದಕ್ಕೆ ಬಂದಿತು. ಬೆರಳು ನೋವಿನಿಂದ ಬರವಣಿಗೆ ಬದಲಾಗಿದೆ ಎಂದು ಅವರು ಇನ್ನೊಂದು ಕಾಗದ ಬರೆದುಕೊಟ್ಟರು. ಹೊಸ ಪ್ರಮಾಣಪತ್ರದಲ್ಲಿ ಮಾಲೀಕರ ಜಾಗದಲ್ಲಿ ನನ್ನೊಬ್ಬನ ಹೆಸರಿದೆ. ಬ್ರೀಡರ್ ಎಂಬಲ್ಲಿ ಅವರ ಹೆಸರಿದೆ, ಅದು ಎಂದೂ ಬದಲಾಗುವುದಿಲ್ಲ. ಕಾಡಿಗೆಯ ಅಧಿಕೃತ ಹೆಸರಿನ ಮೊದಲಿಗೆ ಅವರ ಕೆನಲ್ಲಿನ ಹೆಸರು ಅಂಟಿಕೊಂಡೇ ಇರುತ್ತದೆ.

ಶಸ್ತ್ರಚಿಕಿತ್ಸೆಯ ಪ್ರಮಾಣಪತ್ರ ಕಳಿಸಿದಾಗ "ತಲುಪಿತು" ಎಂಬ ಒಂದೇ ಪದದ ಉತ್ತರ ಬಂದಿತ್ತು. ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಒಂದು ವರ್ಷ ಕಳೆದು, ಕಳೆದ ತಿಂಗಳು ಅವರದೊಂದು ಸಂದೇಶ. ತಂಗಿಯ ಮನೆಯಲ್ಲಿದ್ದ ಬೇರೊಂದು ಹೆಣ್ಣಿನಿಂದ ಮರಿಗಳಾಗಿವೆ, ಕರಾರನ್ನು ಹೊಸದಾಗಿ ಬರೆದಿದ್ದೇನೆ, ಕೊಳ್ಳುವವರ ಕಣ್ಣಿನಿಂದ ಒಮ್ಮೆ ಓದಿ ತಪ್ಪು ಹೇಳಿ ಎಂದು. ಜೊತೆಗೆ ಕಾಡಿಗೆಯ ತೂಕ ಎಷ್ಟು ಎಂಬ ಪ್ರಶ್ನೆ.

ಏಳನೆಯ ಷರತ್ತಿಗೇ ಮೊದಲು ಹೋದೆ. ತೃಪ್ತಿಕರ ಎಂಬ ಪದ ಇರಲಿಲ್ಲ. "ಸೊಂಟ ಎರಡೂ ಕಡೆ ಎ ಅಥವಾ ಬಿ, ಮೊಣಕೈ ಎರಡೂ ಕಡೆ ಸೊನ್ನೆ, ಅನ್ಯಥಾ ಕೊಂಡವರು ಬೆಲೆಯ ವ್ಯತ್ಯಾಸ ಪಾವತಿಸಿ ಪೂರ್ಣ ಮಾಲೀಕರಾಗತಕ್ಕದ್ದು" ಎಂದಿತ್ತು. ಮೊಣಕೈಗೆ ಸೊನ್ನೆ ಎಂದರೆ ದೋಷವಿಲ್ಲ ಎಂದರ್ಥ. ಮರಿ ಆರಿಸುವ ದಿನ, ಒಯ್ಯುವ ದಿನ, ಹಕ್ಕು ಮುಗಿಯುವ ದಿನ ಎಲ್ಲವೂ ಇದ್ದವು. ಮೂರು ಸಲ ಓದಿದ ಮೇಲೆ ಒಂದು ಬಿಟ್ಟುಹೋಗಿರುವುದು ಕಂಡಿತು. ಅಂಚಿನಲ್ಲಿ ಬರೆದು ಕಳಿಸಿದೆ: "ಮೇಡಂ, ಒಂದೇ ಮರಿ ಬದುಕಿ ಉಳಿದರೆ ಅದು ಯಾರದು?" ಕೆಳಗೆ ಕಾಡಿಗೆಯ ತೂಕವನ್ನೂ ಬರೆದೆ, ಅಳತೆಯ ಲೋಟ ಬದಲಾಯಿಸಿದ್ದನ್ನೂ.